ಚರ್ಚಿಲ್ ಕೇಳಿದ ಮಾತು, ಕೇಳದ ಮಾತು

1941ರ ಡಿಸೆಂಬರ್ 7, ಭಾನುವಾರ ರಾತ್ರಿ. ಬ್ರಿಟನ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಚೆಕರ್ಸ್ ಎಂಬ ತಮ್ಮ ಸರ್ಕಾರಿ ಹಳ್ಳಿಮನೆಯಲ್ಲಿ ಅತಿಥಿಗಳೊಂದಿಗಿದ್ದರು. ಒಂಬತ್ತು ಗಂಟೆಯ ರೇಡಿಯೊ ವಾರ್ತೆಯಲ್ಲಿ ಅಮೆರಿಕದ ಮೇಲೆ ಜಪಾನ್ ದಾಳಿ ನಡೆಸಿದ ಸುದ್ದಿ ಬಂತು. ಕೂಡಲೇ ಜಪಾನ್ ವಿರುದ್ಧ ಯುದ್ಧ ಸಾರುವುದಾಗಿ ಚರ್ಚಿಲ್ ಎದ್ದುನಿಂತರು. ಬರೀ ರೇಡಿಯೊ ಸುದ್ದಿ ನಂಬಿ ಯುದ್ಧ ಸಾರಲಾಗದು ಎಂದು ಅವರನ್ನು ತಡೆದವರು ಅಮೆರಿಕದ ರಾಯಭಾರಿ ಜಾನ್ ಗಿಲ್ಬರ್ಟ್ ವೈನಂಟ್. ಅಧ್ಯಕ್ಷ ರೂಸ್‌ವೆಲ್ಟ್‌ಗೆ ಫೋನ್ ಹೋಯಿತು, ಸುದ್ದಿ ಖಚಿತವಾಯಿತು.

ಪರದೇಶದ ರಾಯಭಾರಿಗೆ ಪ್ರಧಾನಿಯ ಮನೆಯಲ್ಲಿ ಇಷ್ಟು ಸಲುಗೆ ಬಂದದ್ದು ಹೇಗೆ?

1940ರ ಜೂನ್‌ನಲ್ಲಿ ಫ್ರಾನ್ಸ್ ಶರಣಾದ ಮೇಲೆ ಹಿಟ್ಲರನೆದುರು ಬ್ರಿಟನ್ ಬಹುತೇಕ ಒಂಟಿಯಾಯಿತು. ಶಸ್ತ್ರಾಸ್ತ್ರ ಕೊಳ್ಳಲು ಹಣವೂ ಬರಿದಾಗತೊಡಗಿತ್ತು. ಅಮೆರಿಕದ ನೆರವಿಲ್ಲದೆ ಗತಿಯಿಲ್ಲ ಎಂಬುದು ಚರ್ಚಿಲ್‌ಗೆ ಗೊತ್ತಿತ್ತು. ಆದರೆ ಆಗಿನ ರಾಯಭಾರಿ ಜೋಸೆಫ್ ಕೆನಡಿ, ಮುಂದೆ ಅಧ್ಯಕ್ಷರಾದ ಜಾನ್ ಕೆನಡಿಯ ತಂದೆ, ಬ್ರಿಟನ್ ಉಳಿಯುವುದನ್ನೇ ನಂಬಿರಲಿಲ್ಲ. ಆದ್ದರಿಂದ ಚರ್ಚಿಲ್ ರೂಸ್‌ವೆಲ್ಟ್‌ಗೆ ನೇರವಾಗಿಯೇ ಬರೆಯುತ್ತಿದ್ದರು. ಸೆಪ್ಟೆಂಬರ್‌ನಲ್ಲಿ 50 ಹಳೆಯ ಯುದ್ಧನೌಕೆಗಳು ದಕ್ಕಿದವು. ಪ್ರತಿಯಾಗಿ ಬ್ರಿಟನ್ ತನ್ನ ದ್ವೀಪಗಳಲ್ಲಿನ ನೆಲೆಗಳನ್ನು 99 ವರ್ಷಗಳ ಗುತ್ತಿಗೆಗೆ ಕೊಟ್ಟಿತು.

ಕೆನಡಿಯ ಜಾಗಕ್ಕೆ 1941ರ ಮಾರ್ಚ್‌ನಲ್ಲಿ ಬಂದವರೇ ವೈನಂಟ್. ನ್ಯೂ ಹ್ಯಾಂಪ್‌ಶೈರ್‌ನ ಮಾಜಿ ಗವರ್ನರ್, ಮಾತು ಕಡಿಮೆ. ಅವರನ್ನು ಬರಮಾಡಿಕೊಳ್ಳಲು ದೊರೆ ಆರನೇ ಜಾರ್ಜ್ ವಿಂಡ್ಸರ್ ರೈಲು ನಿಲ್ದಾಣಕ್ಕೇ ಹೋದರು. ಅದೇ ತಿಂಗಳ 11ರಂದು ಸಾಲ-ಗುತ್ತಿಗೆ ಕಾಯಿದೆಗೆ ರೂಸ್‌ವೆಲ್ಟ್ ಸಹಿ ಬಿತ್ತು. ಹಣ ತೆರದೆಯೇ ಶಸ್ತ್ರ ಪಡೆಯುವ ದಾರಿ ತೆರೆಯಿತು. ಬಾಂಬು ಬಿದ್ದ ರಾತ್ರಿಗಳಲ್ಲಿ ವೈನಂಟ್ ಲಂಡನ್ನಿನ ಬೀದಿಗಿಳಿದು ಜನರ ಕಷ್ಟ ವಿಚಾರಿಸುತ್ತಿದ್ದರು. ಬ್ರಿಟನ್ನಿನ ವಿಶ್ವಾಸ ಅವರಿಗೆ ದಕ್ಕಿದ್ದು ಹೀಗೆ.

ಆದರೆ ಆ ವಿಶ್ವಾಸಕ್ಕೂ ಒಂದು ಎಲ್ಲೆಯಿತ್ತು. ಆ ಎಲ್ಲೆಯ ಹೆಸರು ಭಾರತ.

1941ರ ಆಗಸ್ಟ್‌ನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಹೊರಡಿಸಿದ ಅಟ್ಲಾಂಟಿಕ್ ಸನ್ನದು, ತಮಗೆ ಬೇಕಾದ ಸರ್ಕಾರವನ್ನು ಆರಿಸಿಕೊಳ್ಳುವ ಹಕ್ಕು ಎಲ್ಲ ಜನರಿಗೂ ಇದೆ ಎಂದಿತ್ತು. ಅದು ನಾಜಿಗಳು ಆಕ್ರಮಿಸಿದ ಯುರೋಪಿಗೆ ಸಂಬಂಧಿಸಿದ್ದು, ಭಾರತಕ್ಕಲ್ಲ ಎಂದು ಪಾರ್ಲಿಮೆಂಟಿನಲ್ಲಿ ಹೇಳಲು ಚರ್ಚಿಲ್ ಹೊರಟರು. ಭಾಷಣದ ಕರಡು ನೋಡಿದ ವೈನಂಟ್ ಆ ಮಾತು ಬೇಡವೆಂದರು. ಚರ್ಚಿಲ್ ಕೇಳಲಿಲ್ಲ. ಸೆಪ್ಟೆಂಬರ್ 9ರಂದು ಹೇಳಿಯೇಬಿಟ್ಟರು.

ಆ ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯ ಬಲ ಸುಮಾರು 25 ಲಕ್ಷ ಮುಟ್ಟಿತ್ತು. ಸ್ವಾತಂತ್ರ್ಯದ ಹೆಸರಿನಲ್ಲಿ ಅಮೆರಿಕದ ಮುಂದೆ ಕೈಚಾಚಿದ ನಾಯಕ, ಅದೇ ಸ್ವಾತಂತ್ರ್ಯವನ್ನು ತನಗಾಗಿ ಕಾದಾಡುತ್ತಿದ್ದ ದೇಶಕ್ಕೆ ನಿರಾಕರಿಸಿದ್ದರು. ಯುದ್ಧಕ್ಕೆ ಧುಮುಕುವವರನ್ನು ಒಂದು ಮಾತಿನಲ್ಲಿ ತಡೆಯಬಲ್ಲವರಾಗಿದ್ದ ರಾಯಭಾರಿಗೂ ಅದನ್ನು ಬದಲಿಸಲಾಗಲಿಲ್ಲ.