ಗದಗದ ಹುಡುಗ, ಹುಬ್ಬಳ್ಳಿಯ ನೆಟ್ಸ್

1996ರ ಜೂನ್ 6ರಂದು ಬರ್ಮಿಂಗ್‌ಹ್ಯಾಮ್‌ನ ಎಜ್‌ಬ್ಯಾಸ್ಟನ್ ಮೈದಾನದಲ್ಲಿ ಭಾರತದ ಪರವಾಗಿ ನಾಲ್ವರು ಮೊದಲ ಟೆಸ್ಟ್ ಆಡಲು ಇಳಿದರು. ವಿಕ್ರಮ್ ರಾಥೋಡ್, ಪಾರಸ್ ಮಾಂಬ್ರೆ, ವೆಂಕಟೇಶ್ ಪ್ರಸಾದ್ ಮತ್ತು ಸುನಿಲ್ ಜೋಶಿ. ಜೋಶಿಗೆ ಅಂದೇ 26 ತುಂಬಿತ್ತು. ಎರಡು ವಾರದ ನಂತರ ಲಾರ್ಡ್ಸ್‌ನಲ್ಲಿ ರಾಹುಲ್ ದ್ರಾವಿಡ್, ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಡೇವಿಡ್ ಜಾನ್ಸನ್. ಹೀಗೆ ಒಂದೇ ವರ್ಷದಲ್ಲಿ ಕರ್ನಾಟಕದ ನಾಲ್ವರು ಟೆಸ್ಟ್ ಟೋಪಿ ಧರಿಸಿದರು. ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಆಗಲೇ ತಂಡದಲ್ಲಿದ್ದರು. ಕನ್ನಡದ ಕ್ರಿಕೆಟ್‌ಪ್ರಿಯರು ಆ ವರ್ಷವನ್ನು ಈಗಲೂ ಹೆಮ್ಮೆಯಿಂದ ನೆನೆಯುತ್ತಾರೆ. ಆದರೆ ಆ ನಾಲ್ವರಲ್ಲಿ ಉತ್ತರ ಕರ್ನಾಟಕದಿಂದ ಬಂದವರು ಜೋಶಿ ಒಬ್ಬರೇ ಎಂಬುದನ್ನು ನೆನೆಯುವವರು ಕಡಿಮೆ.

ಜೋಶಿ ಹುಟ್ಟಿದ್ದು 1970ರಲ್ಲಿ, ಗದಗದಲ್ಲಿ. ವೀರನಾರಾಯಣನ ಗುಡಿ, ವೀರೇಶ್ವರ ಪುಣ್ಯಾಶ್ರಮ, ಮುದ್ರಣಾಲಯಗಳು, ಹತ್ತಿಯ ವ್ಯಾಪಾರ, ಇವುಗಳಿಂದ ಹೆಸರಾದ ಊರದು. ಸಂಗೀತ ಕಲಿಯುವವನಿಗೆ ಅಲ್ಲಿ ಗುರುವಿದ್ದ, ಆಶ್ರಯವಿತ್ತು. ಕ್ರಿಕೆಟ್ ಕಲಿಯುವವನಿಗೆ ಇರಲಿಲ್ಲ. ಹತ್ತಿರದಲ್ಲಿ ಶಿಸ್ತಿನ ಅಭ್ಯಾಸ ಬೇಕೆಂದರೆ ಹುಬ್ಬಳ್ಳಿಗೇ ಹೋಗಬೇಕು. ದೂರ ಸುಮಾರು 60 ಕಿಲೋಮೀಟರ್. ಬಾಲಕ ಜೋಶಿ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ, ಅಲ್ಲಿ ನೆಟ್ಸ್‌ನಲ್ಲಿ ಚೆಂಡು ಹಾಕಿ, ಶಾಲೆಯ ಹೊತ್ತಿಗೆ ಗದಗಕ್ಕೆ ಮರಳುತ್ತಿದ್ದ. ಹೋಗಿಬರುವ ದಾರಿ ಕೂಡಿದರೆ ದಿನಕ್ಕೆ 120 ಕಿಲೋಮೀಟರ್ ಆಯಿತು. ಆಟ ಆಡಿದ್ದಕ್ಕಿಂತ ಪ್ರಯಾಣ ಮಾಡಿದ್ದೇ ಹೆಚ್ಚು ಹೊತ್ತು ಹಿಡಿದಿರಬೇಕು.

ಗದಗದಿಂದ ವಿದ್ಯೆಗಾಗಿ ಮನೆ ಬಿಟ್ಟ ಇನ್ನೊಬ್ಬ ಜೋಶಿ ನಿಮಗೆ ಗೊತ್ತೇ ಇದೆ. ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ರೈಲು ಹತ್ತಿ ಉತ್ತರ ಭಾರತವನ್ನೆಲ್ಲ ಸುತ್ತಿದರು. ಕೊನೆಗೆ ಗುರು ಸಿಕ್ಕಿದ್ದು ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ. ಸಂಗೀತದ ಹುಡುಗನಿಗೆ ದೂರ ಹೋಗಿ ಬಂದ ಮೇಲೆ ಹತ್ತಿರದಲ್ಲೇ ನೆಲೆ ದೊರಕಿತು. ಕ್ರಿಕೆಟ್ಟಿನ ಹುಡುಗನಿಗೆ ಹುಬ್ಬಳ್ಳಿ ಮೊದಲ ನಿಲ್ದಾಣ ಮಾತ್ರ. ಅಲ್ಲಿಂದ ಮುಂದೆ ಇನ್ನೂ 400 ಕಿಲೋಮೀಟರ್ ಆಚೆಗಿನ ಬೆಂಗಳೂರು ಇತ್ತು.

ಯಾಕೆ ಬೆಂಗಳೂರು? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಮೈಸೂರು ಸಂಸ್ಥಾನದ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷ ರಣಜಿ ಟ್ರೋಫಿ ಶುರುವಾಯಿತು. ಆಗ ಬೆಳಗಾವಿ, ಧಾರವಾಡ, ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದವು. ಅವು ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಅಷ್ಟು ಹೊತ್ತಿಗೆ ಬೆಂಗಳೂರಿನ ಕ್ಲಬ್ಬುಗಳು, ಕಾಲೇಜುಗಳು, ಅವುಗಳ ನಡುವಿನ ಲೀಗ್ ಎಲ್ಲವೂ ಬೇರೂರಿದ್ದವು. ನಕ್ಷೆಯ ಮೇಲಿನ ಗೆರೆ ಒಂದೇ ದಿನದಲ್ಲಿ ಬದಲಾಯಿತು. ಆಟದ ದಾರಿ ಬದಲಾಗಲು ದಶಕಗಳೇ ಹಿಡಿದವು. ರಾಜ್ಯ ಸಂಸ್ಥೆ ಜಿಲ್ಲೆಗಳನ್ನು ವಲಯಗಳಾಗಿ ಹಂಚಿತು. ಗದಗ, ಬೆಳಗಾವಿ ಎರಡೂ ಧಾರವಾಡ ವಲಯದ ಪಾಲಿಗೆ ಬಂದವು. ವಲಯದಲ್ಲಿ ಚೆನ್ನಾಗಿ ಆಡಿದವನೂ ಆಯ್ಕೆಗಾರರ ಕಣ್ಣಿಗೆ ಬೀಳಬೇಕಾದರೆ ಬೆಂಗಳೂರಿನ ಲೀಗ್‌ನಲ್ಲಿ ಆಡಿ ತೋರಿಸಬೇಕಿತ್ತು. ಅದಕ್ಕೆ ಅಲ್ಲಿ ಇರಲೊಂದು ಕೋಣೆ, ಎರಡು ಹೊತ್ತಿನ ಊಟ, ಆಡಿಸುವ ಕ್ಲಬ್ ಬೇಕು. ಇವನ್ನು ಹೊಂದಿಸುವ ಹೊಣೆ ಮನೆಯವರದು.

ಬೇರೆ ನಾಡಿನ ಪದ್ಧತಿಯೊಂದನ್ನು ಪಕ್ಕಕ್ಕಿಟ್ಟು ನೋಡಿದರೆ ಇದರ ಭಾರ ತಿಳಿಯುತ್ತದೆ. ಅಮೆರಿಕದವರ ಫುಟ್‌ಬಾಲ್‌ನಲ್ಲಿ ಕಾರ್ನರ್‌ಬ್ಯಾಕ್ ಎಂಬ ಆಟಗಾರನಿದ್ದಾನೆ. ಮೈದಾನದ ಅಂಚಿನಲ್ಲಿ ನಿಂತು, ಚೆಂಡು ಹಿಡಿಯಲು ಓಡುವ ಎದುರಾಳಿಯನ್ನು ನೆರಳಿನಂತೆ ಹಿಂಬಾಲಿಸುವುದು ಅವನ ಕೆಲಸ. ಅಂಥವನ ದಾರಿಗೆ ಮೂರು ಮೆಟ್ಟಿಲು. ಮೊದಲು ಊರಿನ ಹೈಸ್ಕೂಲ್ ತಂಡ, ನಂತರ ವಿದ್ಯಾರ್ಥಿವೇತನ ಕೊಟ್ಟು ಕರೆಯುವ ಕಾಲೇಜು, ಕೊನೆಗೆ ವೃತ್ತಿಪರ ತಂಡಗಳು ಸರದಿಯಂತೆ ಆಟಗಾರರನ್ನು ಆರಿಸುವ ಡ್ರಾಫ್ಟ್. ಈ ಡ್ರಾಫ್ಟ್ 1936ರಿಂದ ನಡೆದುಬಂದಿದೆ. ಅಲ್ಲಿಯೂ ಮೆಟ್ಟಿಲು ತಪ್ಪಿದವರಿದ್ದಾರೆ. ‘ನೈಟ್ ಟ್ರೇನ್’ ಎಂದೇ ಹೆಸರಾದ ಡಿಕ್ ಲೇನ್ ದೊಡ್ಡ ಕಾಲೇಜು ಕಾಣದೆ, ಸೈನ್ಯದಲ್ಲಿದ್ದು, ಕಾರ್ಖಾನೆಯಲ್ಲಿ ದುಡಿದು, 1952ರಲ್ಲಿ ತಾನಾಗಿ ಲಾಸ್ ಏಂಜಲಿಸ್‌ನ ತಂಡದ ಕಚೇರಿಗೆ ಹೋಗಿ ಅವಕಾಶ ಕೇಳಿದವನು. ಅದೇ ವರ್ಷ ಎದುರಾಳಿಗಳ 14 ಎಸೆತಗಳನ್ನು ನಡುವೆಯೇ ಕಸಿದು ಅವನು ಮಾಡಿದ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಆ ವ್ಯವಸ್ಥೆಯಲ್ಲಿ ಅನ್ಯಾಯವೂ ಉಂಟು. ಕಾಲೇಜುಗಳು ಆಟದಿಂದ ಅಪಾರ ಹಣ ಗಳಿಸಿದರೂ, ಆಟಗಾರನಿಗೆ ತನ್ನ ಹೆಸರಿನಿಂದ ದುಡಿಯುವ ಅವಕಾಶ ಸಿಕ್ಕಿದ್ದು 2021ರಲ್ಲಿ. ಹಾಗಿದ್ದರೂ ಮೈದಾನ, ತರಬೇತುದಾರ, ಪಂದ್ಯ ಈ ಮೂರೂ ಅಲ್ಲಿನ ಹುಡುಗನಿಗೆ ಓದುವ ಶಾಲೆಯಲ್ಲೇ ಸಿಗುತ್ತವೆ. ಗದಗದ ಹುಡುಗ ಶಾಲೆಯ ಗಂಟೆ ಬಾರಿಸುವುದರೊಳಗೆ ಇನ್ನೊಂದು ಊರಿಗೆ ಹೋಗಿ ಬರಬೇಕಿತ್ತು.

ಜೋಶಿ ಕರ್ನಾಟಕದ ರಣಜಿ ತಂಡ ಸೇರಿದ್ದು 1992-93ರಲ್ಲಿ. ಎಡಗೈ ಸ್ಪಿನ್ ಅವರ ಕಸುಬು. ಕೆಳಗಿನ ಕ್ರಮಾಂಕದಲ್ಲಿ ಬ್ಯಾಟೂ ಬೀಸುತ್ತಿದ್ದರು. 1995-96ರ ಋತುವಿನಲ್ಲಿ ರಣಜಿಯಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಆ ವರ್ಷ ಕರ್ನಾಟಕ ಟ್ರೋಫಿ ಗೆದ್ದಿತು. ಇಂಥ ಋತುವಿನ ನಂತರ ಆಯ್ಕೆಗಾರರು ಅವರನ್ನು ಬಿಡುವಂತಿರಲಿಲ್ಲ. ಇಂಗ್ಲೆಂಡಿನ ವಿಮಾನ ಹತ್ತಿದ್ದು ಹಾಗೆ.

ಮುಂದೆ ಎರಡು ದಿನಗಳನ್ನು ಅವರ ಹೆಸರಿಗೇ ಬರೆದಿಡಬೇಕು. ಮೊದಲನೆಯದು 1999ರ ಸೆಪ್ಟೆಂಬರ್ 26, ನೈರೋಬಿ. ದಕ್ಷಿಣ ಆಫ್ರಿಕಾ ವಿರುದ್ಧ ಜೋಶಿ ಹಾಕಿದ್ದು 10 ಓವರ್. ಅದರಲ್ಲಿ 6 ಓವರ್ ರನ್ನೇ ಇಲ್ಲ. ಕೊಟ್ಟದ್ದು ಒಟ್ಟು 6 ರನ್, ಪಡೆದದ್ದು 5 ವಿಕೆಟ್. ಎದುರಾಳಿ ತಂಡ 117ಕ್ಕೆ ಮುಗಿಯಿತು. ಎರಡನೆಯದು 2000ದ ನವೆಂಬರ್, ಢಾಕಾ. ಬಾಂಗ್ಲಾದೇಶದ ಮೊದಲ ಟೆಸ್ಟ್, ನಾಯಕನಾಗಿ ಸೌರವ್ ಗಂಗೂಲಿಗೂ ಮೊದಲನೆಯದು. ಜೋಶಿ ಆ ಪಂದ್ಯದಲ್ಲಿ 8 ವಿಕೆಟ್ ಪಡೆದು, 92 ರನ್ ಹೊಡೆದು ಪಂದ್ಯಪುರುಷರಾದರು. ಸೋಜಿಗವೆಂದರೆ, ಅದೇ ವರ್ಷದ ಕೊನೆಗೆ ಅವರ ಟೆಸ್ಟ್ ಬದುಕು ಮುಗಿದಿತ್ತು. 15 ಟೆಸ್ಟ್, 41 ವಿಕೆಟ್. 69 ಏಕದಿನ ಪಂದ್ಯ, 69 ವಿಕೆಟ್. ಕುಂಬ್ಳೆ ಇದ್ದ ತಂಡದಲ್ಲಿ ಎರಡನೆಯ ಸ್ಪಿನ್ನರ್‌ಗೆ ಉಳಿಯುತ್ತಿದ್ದದ್ದು ಒಂದೇ ಜಾಗ. ಅದಕ್ಕೆ ದೇಶದ ತುಂಬ ಪೈಪೋಟಿ.

ಜೋಶಿ ಅಲ್ಲಿಗೆ ನಿಲ್ಲಲಿಲ್ಲ. ಇನ್ನೂ ಒಂದು ದಶಕ ದೇಶೀಯ ಕ್ರಿಕೆಟ್ ಆಡಿ, ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್, 5000ಕ್ಕೂ ಹೆಚ್ಚು ರನ್ ಕೂಡಿಹಾಕಿದರು. 2008ರಲ್ಲಿ ಐಪಿಎಲ್ ಶುರುವಾದಾಗ ಅವರಿಗೆ 38ರ ಹತ್ತಿರ. ಬೆಂಗಳೂರು ತಂಡದಲ್ಲಿ ಕೆಲವು ಪಂದ್ಯ ಆಡಿದರು. ಕ್ರಿಕೆಟ್ಟನ್ನೇ ನೆಚ್ಚಿ ಸುಖವಾಗಿ ಬದುಕಬಹುದು ಎಂಬ ಕಾಲ ಬಂದದ್ದು ಅವರು ಆಟ ಮುಗಿಸುವ ಹೊತ್ತಿಗೆ. ಅವರಿಗಿಂತ ಹಿಂದಿನವರಿಗೆ ಆಟಗಾರನೆಂದರೆ ಬ್ಯಾಂಕಿನ ನೌಕರ. ಗುಂಡಪ್ಪ ವಿಶ್ವನಾಥರಂಥವರೇ ಸ್ಟೇಟ್ ಬ್ಯಾಂಕಿನಲ್ಲಿದ್ದರು. 2020ರ ಮಾರ್ಚ್‌ನಲ್ಲಿ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಆಯ್ಕೆಗಾರರ ಕಣ್ಣಿಗೆ ಬೀಳಲು ಊರು ಬಿಟ್ಟು ಬಂದವರಿಗೇ ಆರಿಸುವ ಕುರ್ಚಿ ಸಿಕ್ಕಿತು.

ಈಗ ದಾರಿ ಎಷ್ಟು ಕಿರಿದಾಗಿದೆ? ಬೆಳಗಾವಿಯ ರಾಮತೀರ್ಥ ನಗರದಿಂದ ಅನತಿ ದೂರದ ಆಟೋ ನಗರದಲ್ಲಿ ರಾಜ್ಯ ಸಂಸ್ಥೆಯ ಮೈದಾನವಿದೆ. 2019ರ ಮೇ ತಿಂಗಳಲ್ಲಿ ಅಲ್ಲಿ ಭಾರತ ‘ಎ’ ತಂಡದ ಪ್ರಿಯಾಂಕ್ ಪಾಂಚಾಲ್ ಮತ್ತು ಅಭಿಮನ್ಯು ಈಶ್ವರನ್ ಶ್ರೀಲಂಕಾ ‘ಎ’ ವಿರುದ್ಧ ಮೊದಲ ವಿಕೆಟ್‌ಗೆ 352 ರನ್ ಸೇರಿಸಿದರು. ಇದೇ ಊರಿನ ವೇಗಿ ರೋನಿತ್ ಮೋರೆ ಕರ್ನಾಟಕದ ಪರ ಆಡಿದ್ದಾರೆ. ವಿಜಯಪುರದ ರಾಜೇಶ್ವರಿ ಗಾಯಕವಾಡ, ಅವರೂ ಎಡಗೈ ಸ್ಪಿನ್ನರ್, 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ಪಡೆದು ಭಾರತವನ್ನು ಸೆಮಿಫೈನಲ್‌ಗೆ ದಾಟಿಸಿದರು. ಹುಲ್ಲಿನ ಪಿಚ್ ಊರಿಗೇ ಬಂದಿದೆ, ಮಾದರಿಗಳೂ ಕಣ್ಣೆದುರಿಗಿವೆ. ಆದರೆ ದೊಡ್ಡ ಲೀಗ್ ಇನ್ನೂ ಬೆಂಗಳೂರಿನಲ್ಲೇ ಇದೆ. ಬೆಳಗಾವಿಯಿಂದ ಅಲ್ಲಿಗೆ 500 ಕಿಲೋಮೀಟರ್.

ಜೋಶಿಯವರ ಕಥೆಯನ್ನು ನಾವು ಛಲದ ಕಥೆಯೆಂದು ಹೇಳುತ್ತೇವೆ. ಅದು ನಿಜ. ಅದರ ಜೊತೆಗೆ ಇನ್ನೊಂದು ಲೆಕ್ಕವನ್ನೂ ಇಡಬೇಕು. ಒಬ್ಬ ಹುಡುಗ ದಿನವೂ 120 ಕಿಲೋಮೀಟರ್ ಓಡಾಡಿ ಟೆಸ್ಟ್ ಆಟಗಾರನಾದ. ಅದೇ ಕೈಚಳಕವಿದ್ದೂ ಬಸ್ಸಿನ ಚಾರ್ಜಿಗೆ ಕಾಸಿಲ್ಲದೆ, ಪರೀಕ್ಷೆ ಬಂತೆಂದು ಮನೆಯವರು ತಡೆದು, ಆರನೆಯ ತಿಂಗಳಿಗೇ ಬಿಟ್ಟವರು ಗದಗ, ರೋಣ, ಖಾನಾಪುರಗಳಲ್ಲಿ ಎಷ್ಟು ಮಂದಿಯೋ. ಗೆದ್ದವನ ಅಂಕಿ ದಾಖಲೆ ಪುಸ್ತಕದಲ್ಲಿ ಸಿಗುತ್ತದೆ. ಹಿಂದಿರುಗಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.