ಹಂಪಿಯಲ್ಲಿ ರಾತ್ರಿ ಉಳಿಯುವವರು ಎಲ್ಲಿ ಹೋದರು?



2021ರಲ್ಲಿ ಬಳ್ಳಾರಿ ಜಿಲ್ಲೆಯ ಪ್ರವಾಸೋದ್ಯಮ ಕಾಗದದ ಮೇಲೆ ಒಂದೇ ಏಟಿಗೆ ನೆಲಕ್ಕೆ ಬಿತ್ತು. ಒಂದು ಕಲ್ಲೂ ಅಲುಗಲಿಲ್ಲ, ಆದರೂ ಬಿತ್ತು. ಆಗಿದ್ದಿಷ್ಟೇ: ವಿಜಯನಗರ ಅನ್ನೋ ಹೊಸ ಜಿಲ್ಲೆ ಆಯ್ತು, ಹೊಸಪೇಟೆ ಅದರ ಕೇಂದ್ರ ಆಯ್ತು, ಹಂಪಿ ಆ ಕಡೆ ಹೋಯ್ತು. ನಮ್ಮ ಪಾಲಿಗೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಉಳಿದವು. ರೂಪನಗುಡಿಯವರು ಹಂಪಿಗೆ ಹೋಗ್ಬೇಕಂದ್ರೆ ಮೊದಲೂ ಬಳ್ಳಾರಿಗೆ ಬಂದು ಹೊಸಪೇಟೆ ಬಸ್ ಹತ್ತಬೇಕಿತ್ತು, ಈಗಲೂ ಅದೇ ಬಸ್ಸು. ಆದರೆ ಜಿಲ್ಲೆಯ ಲೆಕ್ಕದಲ್ಲಿ ಹಂಪಿ ಇಲ್ಲ.

ಇದನ್ನ ಯಾಕೆ ಮೊದಲು ಹೇಳಿದೆ ಅಂದ್ರೆ, "ಪ್ರವಾಸೋದ್ಯಮ ಕುಸಿದಿದೆ", "ಚೇತರಿಸಿಕೊಂಡಿದೆ" ಅನ್ನೋ ಸುದ್ದಿ ಬಂದಾಗಲೆಲ್ಲ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಇವರು ಎಣಿಸ್ತಿರೋದು ಏನನ್ನ?

ದೇಶದ ಲೆಕ್ಕ ಮೊದಲು ನೋಡೋಣ. 2019ರಲ್ಲಿ ಭಾರತಕ್ಕೆ ಬಂದ ವಿದೇಶಿಯರು ಸುಮಾರು 1 ಕೋಟಿ 9 ಲಕ್ಷ. 2020ರಲ್ಲಿ 27 ಲಕ್ಷ. 2021ರಲ್ಲಿ 15 ಲಕ್ಷ. ಕಾರಣ ಎಲ್ಲರಿಗೂ ಗೊತ್ತು. ಆಮೇಲೆ ಏರಿತು, 2023ಕ್ಕೆ 95 ಲಕ್ಷ ದಾಟಿತು. 2024ರಲ್ಲೂ 2019ರ ಮಟ್ಟ ಮುಟ್ಟಲಿಲ್ಲ, ಆದರೆ ಹತ್ತಿರ ಬಂತು. ಹಾಗಿದ್ರೆ ಕೋವಿಡ್ ಬಂತು, ಹೋಯ್ತು, ಕಥೆ ಮುಗೀತು ಅನ್ನಬಹುದು. ಹಂಪಿಯ ಮಟ್ಟಿಗೆ ಹಾಗೆ ಹೇಳೋಕಾಗಲ್ಲ. ಅಲ್ಲಿ ಜನ ಕಡಿಮೆ ಆಗಿಲ್ಲ. ಶನಿವಾರ, ಭಾನುವಾರ, ದಸರಾ ರಜೆ, ಡಿಸೆಂಬರ್ ಕೊನೆ ವಾರ ಹೋಗಿ ನೋಡಿ, ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ. 50 ರೂಪಾಯಿ ನೋಟಿನ ಹಿಂದೆ ಇರೋ ಕಲ್ಲಿನ ರಥದ ಮುಂದೆ ಸೆಲ್ಫಿಗೆ ಸಾಲು ನಿಂತಿರುತ್ತೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಲ್ಲಿ ಬರೋ ಹೆಣ್ಣುಮಕ್ಕಳು ಹೆಚ್ಚಾದರು. ನದಿಯ ಆ ಕಡೆ ಅಂಜನಾದ್ರಿ ಬೆಟ್ಟಕ್ಕೂ ಜನವೋ ಜನ.

ಹಾಗಾದ್ರೆ ಕುಸಿದದ್ದು ಏನು?

ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ಒಬ್ಬ ಪ್ರವಾಸಿ ಬಂದು ಹತ್ತು ದಿನ ಉಳಿದ ಅಂತಿಟ್ಕೊಳ್ಳಿ. ಇನ್ನೊಂದು ಕಡೆ ಹತ್ತು ಜನ ಬೆಳಗ್ಗೆ ಬಂದು ಸಂಜೆ ಹೋದರು. ಟಿಕೆಟ್ ಕೌಂಟರಿಗೆ ಎರಡನೇದೇ ದೊಡ್ಡದು, ಹತ್ತು ತಲೆ. ಆದರೆ ಮೊದಲನೆಯವನು ಹತ್ತು ರಾತ್ರಿ ಬಾಡಿಗೆ ಕೊಟ್ಟ, ಮೂವತ್ತು ಸಲ ಊಟ ತಿಂಡಿ ಮಾಡಿದ, ಬಟ್ಟೆ ಒಗೆಸಿದ, ಮೊಪೆಡ್ ಬಾಡಿಗೆಗೆ ತಗೊಂಡ, ಹರಿಗೋಲು ಹತ್ತಿದ, ಲಂಬಾಣಿ ಕಸೂತಿ ಚೀಲ ಕೊಂಡ. ಈ ದುಡ್ಡು ಯಾವ ದೊಡ್ಡ ಕಂಪನಿಗೂ ಹೋಗಲಿಲ್ಲ, ಅದೇ ಬೀದಿಯ ಏಳೆಂಟು ಮನೆಗೆ ಹಂಚಿ ಹೋಯ್ತು. ಪ್ರವಾಸೋದ್ಯಮದಲ್ಲಿ ತಲೆ ಎಣಿಸೋದು ಸುಲಭ. ರಾತ್ರಿ ಎಣಿಸಿದರೆ ಮಾತ್ರ ಊರಿಗೆ ಏನು ಬಂತು ಅಂತ ತಿಳಿಯುತ್ತೆ. ಹಂಪಿಯಲ್ಲಿ ಕುಸಿದದ್ದು ಈ ರಾತ್ರಿಗಳು, ಅದೂ ಊರಿನವರ ಮನೆಯಲ್ಲಿ ಕಳೆದ ರಾತ್ರಿಗಳು.

ಈ "ಉಳಿಯೋದು" ಹಿಪ್ಪಿಗಳು ಬಂದು ಶುರುಮಾಡಿದ್ದು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಡೊಮಿಂಗೊ ಪಾಯೆಸ್ ಅನ್ನೋ ಪೋರ್ಚುಗೀಸ್ ಪ್ರವಾಸಿ ಇಲ್ಲಿಗೆ ಬಂದಿದ್ದ. ದೇವಸ್ಥಾನದ ಮುಂದಿನ ಬೀದಿಯಲ್ಲಿ ಯಾತ್ರಿಕರು ತಂಗುವ ಚೆಂದದ ಮನೆಗಳಿದ್ದವು ಅಂತ ಅವನು ಬರೆದಿಟ್ಟಿದ್ದಾನೆ. ಅವನ ಬರಹವನ್ನ ಇಂಗ್ಲಿಷಿಗೆ ತಂದು 1900ರಲ್ಲಿ ತನ್ನ ಪುಸ್ತಕದಲ್ಲಿ ಪ್ರಕಟಿಸಿದ್ದು ಮದ್ರಾಸ್ ಪ್ರಾಂತ್ಯದ ಅಧಿಕಾರಿ ರಾಬರ್ಟ್ ಸೀವೆಲ್. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತಲ್ಲ. ಅಂದ್ರೆ ವಿರೂಪಾಕ್ಷನ ಎದುರಿನ ಬೀದಿ 500 ವರ್ಷದ ಹಿಂದೆಯೂ ತಂಗುವ ಬೀದಿಯೇ. 1565ರಲ್ಲಿ ರಕ್ಕಸತಂಗಡಿ ಯುದ್ಧ ಆಗಿ ರಾಜಧಾನಿ ಹಾಳಾಯ್ತು, ಆದರೆ ವಿರೂಪಾಕ್ಷನ ಪೂಜೆ ನಡೀತಾನೇ ಬಂತು, ತೇರು ಎಳೀತಾನೇ ಬಂದರು.

1986ರಲ್ಲಿ ಯುನೆಸ್ಕೊ ಹಂಪಿಯನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟೊತ್ತಿಗೆ ಗೋವಾದಿಂದ ರೈಲಲ್ಲಿ, ರಾತ್ರಿ ಬಸ್ಸಲ್ಲಿ ಬೆನ್ನಿಗೆ ಚೀಲ ಹಾಕ್ಕೊಂಡು ಬರೋ ವಿದೇಶಿಯರು ಶುರುವಾಗಿದ್ದರು. ಬಜಾರಿನ ಹಳೇ ಕಲ್ಲಿನ ಮಂಟಪಗಳಲ್ಲಿ ಸಂಸಾರಗಳು ವಾಸ ಇದ್ದವು. ಮನೆ ಮುಂದೆ ಒಂದು ಅಂಗಡಿ, ಪಕ್ಕದಲ್ಲೊಂದು ರೂಮು, ಮೇಲೊಂದು ಮಹಡಿ ಹೋಟೆಲ್ಲು. ನದಿಯ ಆ ಕಡೆ ಗಂಗಾವತಿ ತಾಲ್ಲೂಕಿನ ವಿರುಪಾಪುರ ಗಡ್ಡೆಯಲ್ಲಿ ಗದ್ದೆ ಪಕ್ಕ ಗುಡಿಸಲು, ತೂಗುಯ್ಯಾಲೆ. ಸೈನ್ಯದ ಸೇವೆ ಮುಗಿಸಿ ಬರೋ ಇಸ್ರೇಲಿ ಹುಡುಗ ಹುಡುಗಿಯರಿಗಾಗಿ ಹೀಬ್ರೂ ಅಕ್ಷರದ ಬೋರ್ಡುಗಳು. 2003ರಲ್ಲಿ ಅಮೆರಿಕದ ಕ್ರಿಸ್ ಶರ್ಮಾ ಹಂಪಿಯ ಬಂಡೆ ಹತ್ತೋ 'ಪಿಲ್‌ಗ್ರಿಮೇಜ್' ಸಿನಿಮಾ ಬಂದ ಮೇಲೆ ಬಂಡೆ ಹತ್ತೋರ ಗುಂಪೂ ಸೇರಿಕೊಂಡಿತು. ಇವರು ವಾರಗಟ್ಟಲೆ ಇರೋ ಗಿರಾಕಿ. ಬಂಡೆ ಒಂದೇ ದಿನಕ್ಕೆ ಮುಗಿಯೋದಿಲ್ಲವಲ್ಲ.

ಇದಕ್ಕೆ ಬಿದ್ದ ಪೆಟ್ಟು ಒಂದಲ್ಲ. 1999ರಲ್ಲಿ ಯುನೆಸ್ಕೊ ಹಂಪಿಯನ್ನ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ನದಿ ಮೇಲೆ ಕಟ್ಟುತ್ತಿದ್ದ ಸೇತುವೆಗಳು ಅದಕ್ಕೆ ಮುಖ್ಯ ಕಾರಣ. ಹೆಸರು ಹೊರಗೆ ಬಂದಿದ್ದು 2006ರಲ್ಲಿ. ಆನೆಗೊಂದಿಯ ತಳವಾರಘಟ್ಟದ ಸೇತುವೆಯಂತೂ 2009ರ ಜನವರಿಯಲ್ಲಿ ಕೆಲಸ ನಡೆಯುತ್ತಿದ್ದಾಗಲೇ ಕುಸಿದು ಕಾರ್ಮಿಕರು ಸತ್ತರು. ಅದೇ ವರ್ಷದ ಕೊನೆಗೆ ದೆಹಲಿಯಿಂದ ವೀಸಾ ನಿಯಮ ಬಂತು: ಪ್ರವಾಸಿ ವೀಸಾದವರು ಒಮ್ಮೆ ದೇಶ ಬಿಟ್ಟರೆ ಎರಡು ತಿಂಗಳು ವಾಪಸ್ ಬರಂಗಿಲ್ಲ. ನೇಪಾಳಕ್ಕೆ, ಶ್ರೀಲಂಕಾಕ್ಕೆ ಹೋಗಿ ತಿರುಗಿ ಬರೋ ದೀರ್ಘ ಪ್ರವಾಸಿಗಳಿಗೇ ಇದು ಅಡ್ಡಿ. ಬಹುತೇಕ ದೇಶದವರಿಗೆ ಇದು ರದ್ದಾಗಿದ್ದು 2012ರ ಕೊನೆಗೆ. ಟಿಕೆಟ್ ಬೆಲೆನೂ ಏರ್ತಾ ಹೋಯ್ತು. ಪುರಾತತ್ವ ಸರ್ವೇಕ್ಷಣಾ ಇಲಾಖೆಯ ದೊಡ್ಡ ಸ್ಮಾರಕಗಳಿಗೆ ವಿದೇಶಿಯರ ದರ 250 ಇದ್ದದ್ದು 2016ರಲ್ಲಿ 500, 2018ರಲ್ಲಿ 600 ಆಯ್ತು. ನಮಗೆ 40. ಇದು ಸಣ್ಣ ವಿಷಯ. 600 ರೂಪಾಯಿಗೆ ಹೆದರಿ ಯಾರೂ ಹಂಪಿ ಬಿಟ್ಟಿಲ್ಲ ಅಂತ ನನ್ನ ಅಭಿಪ್ರಾಯ.

ದೊಡ್ಡ ಪೆಟ್ಟು ಎರಡು. ಮೊದಲನೇದು 2011ರ ಜುಲೈ ಕೊನೆ ವಾರ.

ಆ ವಾರ ನೆನಪಿದೆಯಾ? ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 31ಕ್ಕೆ ಯಡಿಯೂರಪ್ಪ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಟಿವಿಯಲ್ಲಿ ಬಳ್ಳಾರಿ ಬಿಟ್ಟರೆ ಬೇರೆ ಮಾತಿಲ್ಲ. ಅದೇ ವಾರ ಅದೇ ಜಿಲ್ಲೆಯ ಹಂಪಿ ಬಜಾರಿಗೆ ಜೆಸಿಬಿ ಬಂತು. ಹೈಕೋರ್ಟ್ ಆದೇಶದ ಬಲದ ಮೇಲೆ, ತೀರಾ ಕಡಿಮೆ ಸಮಯ ಕೊಟ್ಟು, 300ರಷ್ಟು ಸಂಸಾರಗಳ ಮನೆ, ಅಂಗಡಿ ತೆರವು ಮಾಡಿದರು. ಇಷ್ಟು ದೊಡ್ಡ ಸುದ್ದಿಗಳ ಕೆಳಗೆ ಆ ಸುದ್ದಿ ಮುಚ್ಚಿಹೋಯ್ತು. ಬದಲಿ ಜಾಗ ಅಂತ ತೋರಿಸಿದ್ದು ನಾಲ್ಕು ಕಿಲೋಮೀಟರ್ ಆಚೆಯ ಕಡ್ಡಿರಾಂಪುರದಲ್ಲಿ. ದೇವಸ್ಥಾನದ ಬಾಗಿಲಲ್ಲಿ ಹೂವು, ತೆಂಗಿನಕಾಯಿ, ಚಹಾ ಮಾರೋನಿಗೆ ನಾಲ್ಕು ಕಿಲೋಮೀಟರ್ ಅಂದ್ರೆ ವ್ಯಾಪಾರವೇ ಇಲ್ಲ ಅಂತ ಅರ್ಥ. ಸೈಟು ಸಿಗಬಹುದು, ಗಿರಾಕಿ ಸಿಗಲ್ಲ.

ಎರಡೂ ಕಡೆ ಮಾತಾಡಬೇಕು. ಕಲ್ಲು ಕಂಬದ ಮಧ್ಯೆ ಸಿಮೆಂಟ್ ಗೋಡೆ ಎಬ್ಬಿಸಿದ್ದು ನಿಜ, ಮಂಟಪದ ಮೇಲೆ ಭಾರ ಹೇರಿದ್ದೂ ನಿಜ. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಕಾಯ್ದೆ 2002ರಲ್ಲಿ ಬಂದಿದ್ದು ಇಂಥ ಕಾರಣಕ್ಕೇ. ಆದರೆ ಆ ಕಟ್ಟಡಗಳು ಒಂದೇ ರಾತ್ರಿ ಎದ್ದು ನಿಂತಿದ್ದಲ್ಲ. ಎರಡು ಮೂರು ದಶಕ ಆ ಬೀದಿಯ ರೂಮುಗಳಲ್ಲೇ ಪ್ರವಾಸಿಗಳು ಉಳಿದರು, ಅವರನ್ನ ಲೆಕ್ಕ ಹಿಡಿದು ಸರ್ಕಾರ ಹೆಮ್ಮೆ ಪಟ್ಟಿತು. ಬೀದಿ ಖಾಲಿ ಮಾಡಿಸೋ ಮುಂಚೆ ಹೊಸ ಜಾಗದಲ್ಲಿ ಬೀದಿ ಕಟ್ಟಿಕೊಡಬೇಕಿತ್ತು. ಅದು ಉಲ್ಟಾ ನಡೀತು.

ಎರಡನೇ ಪೆಟ್ಟು ವಿರುಪಾಪುರ ಗಡ್ಡೆಗೆ. ಆ ಗಡ್ಡೆ 1988ರಲ್ಲೇ ಸಂರಕ್ಷಿತ ಪ್ರದೇಶ ಅಂತ ಅಧಿಸೂಚನೆಯಾಗಿತ್ತು. ಹೈಕೋರ್ಟ್ 2015ರಲ್ಲಿ ಕಟ್ಟಡಗಳ ವಿರುದ್ಧ ತೀರ್ಪು ಕೊಟ್ಟಿತು, 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರ ರೆಸಾರ್ಟುಗಳು ನೆಲಸಮ ಆದವು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪು ಹುಡುಕೋದು ಕಷ್ಟ. ಆದರೆ 1988ಕ್ಕೂ 2020ಕ್ಕೂ ಮಧ್ಯೆ 32 ವರ್ಷ ಇದೆ. ಈ 32 ವರ್ಷದಲ್ಲಿ ಒಬ್ಬ ಸಾಲ ತಗೊಂಡು ರೂಮು ಕಟ್ಟಿದ, ಇನ್ನೊಬ್ಬ ಅಲ್ಲಿ ಅಡುಗೆ ಕೆಲಸಕ್ಕೆ ಸೇರಿದ, ಮತ್ತೊಬ್ಬ ದೋಣಿ ಹಾಕಿದ. ಸಣ್ಣ ನ್ಯೂಯಾರ್ಕ್ ಪುರಾಣ ಒಂದು ಹೇಳ್ತೀನಿ ಕೇಳಿ: ಗಡ್ಡೆ ನೆಲಸಮ ಆಗೋಕೆ ಒಂದು ವರ್ಷ ಮುಂಚೆ, 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಜಗತ್ತಿನಲ್ಲಿ ನೋಡಬೇಕಾದ 52 ಜಾಗಗಳ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ಕೊಟ್ಟಿತ್ತು. ಬನ್ನಿ ಅಂತ ಕರೆದದ್ದಾಯ್ತು, ಬಂದವರನ್ನ ಮಲಗಿಸೋಕೆ ಮನೆ ಇಲ್ಲ.

ಗಡ್ಡೆ ನೆಲಸಮ ಆಗಿ ಒಂದು ವಾರ ಕಳೆದಿತ್ತು ಅಷ್ಟೇ, ಮಾರ್ಚ್ 11ಕ್ಕೆ ಭಾರತ ಎಲ್ಲಾ ಪ್ರವಾಸಿ ವೀಸಾ ತಡೆಹಿಡಿಯಿತು. ಮಾರ್ಚ್ 25ರಿಂದ ಲಾಕ್‌ಡೌನ್. ಇದೇ ಕಾರಣಕ್ಕೆ ಹಂಪಿಯ ಕಥೆಯನ್ನ ಜನ ತಪ್ಪಾಗಿ ಓದ್ತಾರೆ. ಎಲ್ಲವನ್ನೂ ಕೋವಿಡ್ ಖಾತೆಗೆ ಬರೀತಾರೆ. ಕೋವಿಡ್ ಬಂದಾಗ ಗಡ್ಡೆಯ ಮಂಚಗಳು ಆಗಲೇ ಅವಶೇಷದ ಕೆಳಗಿದ್ದವು.

ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ತಿಳೀಬೇಕಂದ್ರೆ ಶ್ರೀಲಂಕಾ ನೋಡಿ. 2018ರಲ್ಲಿ ಅಲ್ಲಿಗೆ 23 ಲಕ್ಷ ವಿದೇಶಿಯರು ಬಂದಿದ್ದರು. 2019ರ ಈಸ್ಟರ್ ದಿನ ಬಾಂಬ್ ಸ್ಫೋಟ, ಮರುವರ್ಷ ಕೋವಿಡ್, 2022ರಲ್ಲಿ ದೇಶವೇ ದಿವಾಳಿ. ಪೆಟ್ರೋಲ್ ಇಲ್ಲ, ಕರೆಂಟ್ ಇಲ್ಲ. 2021ರಲ್ಲಿ ಇಡೀ ವರ್ಷಕ್ಕೆ ಎರಡು ಲಕ್ಷ ಜನನೂ ಬರಲಿಲ್ಲ. ಆದರೂ 2024ಕ್ಕೆ 20 ಲಕ್ಷ ದಾಟಿದರು. ಅಲ್ಲಿ ಬರೋರು ನಿಂತಿದ್ದರು, ಉಳಿಸಿಕೊಳ್ಳೋ ಮನೆಗಳು ನಿಂತೇ ಇದ್ದವು. ಬಾಗಿಲು ತೆಗೆದು ಕಸ ಗುಡಿಸಿದರೆ ವ್ಯಾಪಾರ ಶುರು. ಹಂಪಿಯಲ್ಲಿ ತೆಗೆಯೋಕೆ ಬಾಗಿಲೇ ಇರಲಿಲ್ಲ.

ಆಮೇಲೂ ಹಂಪಿ ಪೂರ್ತಿ ಸತ್ತಿಲ್ಲ. ಆನೆಗೊಂದಿ, ಸಣಾಪುರದ ಕಡೆ ಹೋಂಸ್ಟೇಗಳು ಎದ್ದವು, ಹಳೇ ಗಿರಾಕಿಗಳು ಅಲ್ಲಿಗೆ ಹೋದರು. 2023ರ ಅಕ್ಟೋಬರಿನಲ್ಲಿ ಇಸ್ರೇಲ್ ಗಾಜಾ ಯುದ್ಧ ಶುರುವಾಯ್ತು. ಹಂಪಿಯ ಹೀಬ್ರೂ ಬೋರ್ಡಿಗೂ ಗಾಜಾಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ತಿರುಗಾಡೋ ವಯಸ್ಸಿನ ಹುಡುಗರನ್ನೇ ಸೈನ್ಯ ವಾಪಸ್ ಕರೆದಿತ್ತು. ಆಮೇಲೆ 2025ರ ಮಾರ್ಚ್. ಸಣಾಪುರ ಕೆರೆಯ ಹತ್ತಿರ ರಾತ್ರಿ ಕೂತಿದ್ದವರ ಮೇಲೆ ದಾಳಿ ನಡೀತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ, ಅವರಲ್ಲಿ ಒಬ್ಬರು ಇಸ್ರೇಲಿನವರು. ಕಾಲುವೆಗೆ ತಳ್ಳಲ್ಪಟ್ಟ ಒಡಿಶಾದ ಪ್ರವಾಸಿ ಸತ್ತ. ಇದನ್ನ "ಪ್ರವಾಸೋದ್ಯಮಕ್ಕೆ ಹೊಡೆತ" ಅಂತ ಹೆಡ್‌ಲೈನ್ ಮಾಡಿದವರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಮೊದಲು ಅದು ಆ ಮನುಷ್ಯರಿಗೆ ಬಿದ್ದ ಹೊಡೆತ. ಆದರೂ ನಮ್ಮ ವಿಷಯಕ್ಕೆ ಸಂಬಂಧ ಇರೋ ಒಂದು ಮಾತಿದೆ. ನೂರಾರು ಮನೆಗಳು ಒತ್ತಾಗಿದ್ದ ಬಜಾರಿನ ಬೀದಿಗೂ, ಗದ್ದೆ ಬಂಡೆ ನಡುವೆ ದೂರ ದೂರ ಇರೋ ಹೋಂಸ್ಟೇಗೂ ರಾತ್ರಿ ಹೊತ್ತಿನಲ್ಲಿ ತುಂಬಾ ಫರಕು. ಉಳಿಯೋರನ್ನ ಊರಿನ ನಡುವಿನಿಂದ ಹೊರಗೆ, ಇನ್ನೂ ಹೊರಗೆ ತಳ್ಳುತ್ತಾ ಹೋದಾಗ ಅವರು ಕತ್ತಲಿಗೆ ಹತ್ತಿರ ಆಗ್ತಾ ಹೋದರು.

ಈಗ ರಾತ್ರಿ ಎಲ್ಲಿ ಉಳೀತಾರೆ? ಹೊಸಪೇಟೆಯ ದೊಡ್ಡ ಹೋಟೆಲುಗಳಲ್ಲಿ, ಕಮಲಾಪುರದ ಸುತ್ತಿನ ದುಬಾರಿ ರೆಸಾರ್ಟುಗಳಲ್ಲಿ. ಕಾರಲ್ಲಿ ಬಂದು, ಕಾರಲ್ಲೇ ನೋಡಿ, ಹೊಸಪೇಟೆಯಲ್ಲಿ ಊಟ ಮಾಡಿ ಮಲಗ್ತಾರೆ. ಒಟ್ಟು ದುಡ್ಡು ಮೊದಲಿಗಿಂತ ಜಾಸ್ತಿನೇ ಇರಬಹುದು. ಮಂಟಪದ ಮನೆಯವರ ಮಕ್ಕಳಿಗೆ ಅದರಲ್ಲಿ ಸಿಗೋದು ಸಂಬಳದ ಕೆಲಸ, ಮಾಲೀಕತ್ವ ಅಲ್ಲ.

ನಮ್ಮ ಕಡೆಗೆ ಬರೋಣ. ಹಂಪಿ ಆಚೆ ಹೋದ ಮೇಲೆ ಬಳ್ಳಾರಿಯಲ್ಲಿ ಏನೂ ಇಲ್ಲ ಅಂತ ಅನ್ನೋರಿದ್ದಾರೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನ ಬಂಡೆ ಮೇಲೆ ಅಶೋಕನ ಶಾಸನ ಇದೆ, ಅದರಲ್ಲಿ ಅವನ ಹೆಸರೇ ಇದೆ. ಅಶೋಕ ಅನ್ನೋ ಹೆಸರು ಸಿಗೋ ಶಾಸನಗಳು ದೇಶದಲ್ಲೇ ಬೆರಳೆಣಿಕೆ. ಕುರುಗೋಡಿನಲ್ಲಿ ದೊಡ್ಡ ಬಸವೇಶ್ವರ. ಬಳ್ಳಾರಿ ಊರ ಪಕ್ಕದ ಸಂಗನಕಲ್ಲಿನಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡಿದ ಜಾಗ, ಬಡಿದರೆ ಗಂಟೆಯಂತೆ ದನಿ ಕೊಡೋ ಬಂಡೆಗಳು. ಆ ಬೆಟ್ಟಗಳ ಸುತ್ತ ಕಲ್ಲು ಕ್ವಾರಿಯ ಕಾಟ ಬೇರೆ. ಇವೆಲ್ಲ ಒಂದೇ ದಿನದಲ್ಲಿ ನೋಡಿ ಮುಗಿಸಬಹುದು, ಅದೇ ತೊಂದರೆ. ನಿಟ್ಟೂರಿಗೆ ಹೋದವನು ಸಂಜೆ ಎಲ್ಲಿ ಉಳಿಯಬೇಕು ಅನ್ನೋದಕ್ಕೆ ಸದ್ಯಕ್ಕೆ ಉತ್ತರ ಒಂದೇ, ವಾಪಸ್ ಬಸ್ಸು.

ಹಂಪಿ ಬಜಾರಿನಲ್ಲಿ ಅಥವಾ ಗಡ್ಡೆಯಲ್ಲಿ ನಿಮ್ಮ ಮನೆಯವರ ಅಂಗಡಿಯೋ ರೂಮೋ ಇತ್ತಾ? ಆಗಿನ ಒಂದು ಸೀಸನ್ನಿನ ಲೆಕ್ಕ, ಅಂದ್ರೆ ಅಕ್ಟೋಬರಿಂದ ಮಾರ್ಚ್ ತನಕ ಎಷ್ಟು ರಾತ್ರಿ ರೂಮು ತುಂಬಿರುತ್ತಿತ್ತು ಅಂತ ನೆನಪಿದ್ದರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡಿನಲ್ಲಿ ಅವನ್ನೇ ಕೇಳಿಸ್ತೀನಿ. ಸಿಗೋಣ.