ಎರಡು ಸ್ವರಗಳ ನಡುವೆ

ಜಾವಗಲ್ಲಿನ ಹೊಯ್ಸಳ ದೇವಾಲಯದಲ್ಲಿ ವೇಣುಗೋಪಾಲ ಕೊಳಲೂದುತ್ತ ನಿಂತಿದ್ದಾನೆ. ಕಲ್ಲು ಹಿಡಿದಿರುವುದು ಒಂದು ಕ್ಷಣವನ್ನು. ಮುಂದಿನ ಸ್ವರಕ್ಕೆ ಬೆರಳು ಸರಿಯುವುದನ್ನು ನಾವೇ ಊಹಿಸಿಕೊಳ್ಳಬೇಕು. ಧ್ವನಿಮುದ್ರಿತ ಸ್ವರಗಳನ್ನು ಜೋಡಿಸಿ ಪಿಟೀಲು ನುಡಿಸಹೊರಟವರ ಪಾಡೂ ಬಹುಕಾಲ ಇದೇ ಆಗಿತ್ತು.

1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮೆಲೊಟ್ರಾನಿನಲ್ಲಿ ಪ್ರತಿ ಕೀಗೂ ಒಂದು ಟೇಪು, ಸುಮಾರು 8 ಸೆಕೆಂಡಿನ ನಾದ. ಇನ್ನೊಂದು ಕೀ ಒತ್ತಿದರೆ ಬೇರೊಂದು ಟೇಪು ಮೊದಲಿನಿಂದ ಶುರು. ಸ್ವರಗಳಿದ್ದವು, ಪಾಶ್ಚಾತ್ಯರು ಲೆಗಾಟೊ ಎನ್ನುವ ಹರಿವು ಇರಲಿಲ್ಲ. ಈ ದೂರು ನಮಗೆ ಹೊಸದಲ್ಲ. ಗಮಕ ನುಡಿಯದು ಎಂಬ ಆಕ್ಷೇಪಗಳ ನಡುವೆ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು.

2002ರ ಸುಮಾರಿಗೆ ವಿಯೆನ್ನಾ ಸಿಂಫೋನಿಕ್ ಲೈಬ್ರರಿಯವರು ನಡುವಿನದನ್ನೇ ಧ್ವನಿಮುದ್ರಿಸಿದರು. ಎರಡು ಸ್ವರಗಳನ್ನು ಬಿಡದೆ ಒಟ್ಟಿಗೆ ನುಡಿಸಿ, ದಾಟುವ ತುಣುಕನ್ನು ಕತ್ತರಿಸಿಟ್ಟರು. ಮೊದಲ ಕೀ ಬಿಡುವ ಮುನ್ನವೇ ಮುಂದಿನದನ್ನು ಒತ್ತಿದರೆ ಆ ತುಣುಕು ನುಡಿಯುತ್ತದೆ. ಒಂದು ಸ್ವರದಿಂದ ಮೇಲಕ್ಕೆ 12, ಕೆಳಕ್ಕೆ 12 ದಾಟು. 40 ಸ್ವರಗಳಿಗೆ 960. ಅದೂ ಕಮಾನಿನ ಒಂದೇ ಒತ್ತಡಕ್ಕೆ!

ಆದರೂ ಮೈಸೂರಿನ ಟಿ. ಚೌಡಯ್ಯನವರ (1895–1967) ಪಿಟೀಲು ಈ ಲೆಕ್ಕಕ್ಕೆ ಸಿಗದು. ಕರ್ನಾಟಕ ಸಂಗೀತದಲ್ಲಿ ಬೆರಳು ತಂತಿಯ ಮೇಲೆ ಜಾರುತ್ತದೆ. ತೋಡಿಯ ಗಾಂಧಾರವಂತೂ ನಿಂತಲ್ಲಿ ನಿಲ್ಲುವುದೇ ಇಲ್ಲ. ಅದನ್ನು ಎಷ್ಟು ತುಣುಕು ಮಾಡಿಡುವುದು? ಹಾಗಾಗಿ ಕಂಪ್ಯೂಟರಿನ ತಂತಿವೃಂದದ ಮೇಲೆ ನಿಜವಾದ ಒಂದು ಪಿಟೀಲನ್ನು ನುಡಿಸಿ ಸೇರಿಸುವ ಉಪಾಯ ಇಂದಿಗೂ ಬಳಕೆಯಲ್ಲಿದೆ. ಗುಂಪಿನಲ್ಲಿ ಒಬ್ಬರು ಜಾರಿದರೆ ಸಾಕು, ಉಳಿದವರೂ ಜಾರಿದರೆಂದು ಕಿವಿ ನಂಬಿಬಿಡುತ್ತದೆ.